ಸಿಂಗಾಪುರದವರ ದರ

ನಿಪ್ಪಾಣಿ ಬಸ್ ಸ್ಟ್ಯಾಂಡಿನ ಎದುರಿಗಿರುವ ಸಂಗ್ರಾಮ ಟೂರ್ಸ್‌ಗೆ ಅಫ್ರೀನ ಕೆಲಸಕ್ಕೆ ಸೇರಿದಾಗ ಅಲ್ಲಿ ಪುಣೆ, ಮುಂಬಯಿ, ಬೆಂಗಳೂರಿನ ಬಸ್ ಟಿಕೆಟ್ ಬಿಟ್ಟರೆ ಬೇರೇನೂ ಸಿಗುತ್ತಿರಲಿಲ್ಲ. ಆಮೇಲೆ ಶಿರಡಿ ಟೂರು ಬಂತು, ಉಮ್ರಾ ಬಂತು, ಬೋಧಗಯಾ ಬಂತು. ಪಾಸ್‌ಪೋರ್ಟ್ ಅರ್ಜಿ ತುಂಬಿಸಿಕೊಳ್ಳಲು ಜನ ಬರತೊಡಗಿದರು. ಸುತ್ತಲಿನ ಹಳ್ಳಿಗಳವರು ಅಂಗಡಿಯೊಳಗೆ ಕಾಲಿಟ್ಟೊಡನೆ ಮಾಲೀಕನ ಕಡೆ ನೋಡದೆ ಅಫ್ರೀನಳ ಮೇಜಿನ ಮುಂದೆ ಬಂದು ಕೂರುತ್ತಿದ್ದರು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಮರಾಠಿ, ಚಿಕ್ಕೋಡಿಯ ಕಾಲೇಜಿನಲ್ಲಿ ಕನ್ನಡ ಕಲಿತಿದ್ದ ಅವಳಿಗೆ, ಬಂದವರು ಬಾಯಿ ತೆರೆದರೆ ಸಾಕು, ಅವರಿಗೆ ಯಾವ ಭಾಷೆಯಲ್ಲಿ ಉತ್ತರ ಕೊಡಬೇಕೆಂದು ತಿಳಿಯುತ್ತಿತ್ತು.

ಅವಳ ತಾಯಿ ರಹಿಮಾಬಿ ಬೀಡಿ ಕಟ್ಟಿಯೇ ಮಗಳನ್ನು ಬಿ.ಕಾಂ. ಓದಿಸಿದ್ದಳು. ಅಫ್ರೀನಳ ಗಂಡ ಅಫ್ಜಲ ಕಾಗಲ್ ಕಡೆಯ ಒಂದು ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಿದ್ದ. ಆ ವರ್ಷ ಅಲ್ಲಿ ಕೆಲಸ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಮನೆ ನಡೆಯುತ್ತಿದ್ದದ್ದು ಅಫ್ರೀನಳ ಸಂಬಳದಿಂದ. ಇದು ಅವಳಿಗೂ ಗೊತ್ತಿತ್ತು, ಮಾಲೀಕ ಸಂಗ್ರಾಮನಿಗೂ ಗೊತ್ತಿತ್ತು.

ಸಂಗ್ರಾಮ ಕೆಟ್ಟವನೇನಲ್ಲ. ಗಿರಾಕಿ ಬರಿಗೈಲಿ ಎದ್ದು ಹೋಗುವುದನ್ನು ಮಾತ್ರ ಅವನಿಂದ ನೋಡಲಾಗುತ್ತಿರಲಿಲ್ಲ. ಸಮುದ್ರಯಾನದ ಹಡಗುಗಳ ಬುಕಿಂಗ್ ಶುರು ಮಾಡಿದ ದಿನ ಅಂಗಡಿಯ ಮುಂದೆ ಹಡಗಿನ ದೊಡ್ಡ ಬೋರ್ಡು ಹಾಕಿಸಿದ. ಬಹಳ ದಿನ ಅದನ್ನು ನೋಡಿ ನಿಂತವರಿದ್ದರೇ ಹೊರತು ಒಳಗೆ ಬಂದು ಕೇಳಿದವರಿರಲಿಲ್ಲ. ಮೊದಲು ಬಂದದ್ದು ಚಿಕ್ಕೋಡಿಯ ಜ್ಞಾನದೇವ ಮತ್ತು ಅವನ ಹೆಂಡತಿ ಸುಂದರಾ.

ಜ್ಞಾನದೇವ ಕಾಲೇಜೊಂದರ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾಗಿದ್ದ. ಮಾತು ಕಡಿಮೆ, ಇಸ್ತ್ರಿ ಹಾಕಿದ ಅಂಗಿ, ಎಲ್ಲಿ ಹೋದರೂ ತನ್ನದೊಂದು ಮರ್ಯಾದೆ ಇರಬೇಕೆನ್ನುವ ಮನುಷ್ಯ. ಸುಂದರಾ ಪಾಲಬಾವಿಯವಳು. ಮದುವೆಯಾಗಿ ಬಂದಾಗಿನಿಂದ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತ ಬಂದವಳು. ಬುದ್ಧವಿಹಾರದಲ್ಲಿ ಯಾರೋ ಅವಳಿಗೆ ಪೆನಾಂಗ್ ಎಂಬ ಊರಿನ ಮಲಗಿದ ಬುದ್ಧನ ಚಿತ್ರ ತೋರಿಸಿದ್ದರು. ಸಿಂಗಾಪುರದಿಂದ ಹೊರಡುವ ಹಡಗು ಆ ಊರಲ್ಲಿ ನಿಲ್ಲುತ್ತದೆಂದು ಕೇಳಿದ ದಿನವೇ ಅವಳು ಹೋಗಲೇಬೇಕೆಂದು ಗಂಡನಿಗೆ ಹೇಳಿಬಿಟ್ಟಿದ್ದಳು.

"ಊರೂರು ದೇವರ ನೋಡೂದು ಬ್ಯಾರೆ ತಂಗಿ," ಎಂದಳು ಅಫ್ರೀನಳಿಗೆ. "ನೀರಿನ ಮ್ಯಾಲ ನಾಕ ದಿನ ಇರಬೇಕಂತ ನನಗ ಆಸೆ. ಕಿಡಕಿ ಇರೂ ಖೋಲಿ ಕೊಡಸು. ಸಮುದ್ರ ಕಾಣಬೇಕು."

ಅಫ್ರೀನ ಹಡಗಿನ ಕಂಪನಿಯ ವೆಬ್‌ಸೈಟ್ ತೆರೆದು, ವಾಸಿಸುವ ದೇಶ ಭಾರತ ಎಂದು ತುಂಬಿ, ದರ ತೋರಿಸಿದಳು. ಜ್ಞಾನದೇವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ಇಷ್ಟು ಆಗೂದಿಲ್ಲ. ನಡಿ," ಎಂದು ಎದ್ದ. ಸುಂದರಾಳೂ ಅವನ ಹಿಂದೆ ಎದ್ದಳು. ಆಗ ಸಂಗ್ರಾಮ ಒಳಗಿನ ಖೋಲಿಯಿಂದ ಬಂದು ಜ್ಞಾನದೇವನ ಹೆಗಲ ಮೇಲೆ ಕೈಯಿಟ್ಟು ಒಳಗೆ ಕರೆದುಕೊಂಡು ಹೋದ. ಅವರಿಬ್ಬರು ಹೊರಬಂದಾಗ ಬುಕಿಂಗ್ ಆಗಿತ್ತು. ಕಿಟಕಿ ಇರುವ ಖೋಲಿಯೇ ಸಿಕ್ಕಿತ್ತು, ದರವೂ ಮೊದಲು ಕಂಡದ್ದಕ್ಕಿಂತ ಕಾಲುಭಾಗ ಕಡಿಮೆ. "ಆಫರ್ ಇತ್ತು," ಎಂದಷ್ಟೇ ಹೇಳಿ ಸಂಗ್ರಾಮ ಲ್ಯಾಪ್‌ಟಾಪ್ ಮುಚ್ಚಿದ. ಅಫ್ರೀನ ಹೆಚ್ಚು ಕೇಳಲಿಲ್ಲ. ಮಾಲೀಕನಿಗೆ ಸಿಗುವ ಆಫರುಗಳು ತನಗೆ ಕಾಣುವುದಿಲ್ಲ ಎಂದುಕೊಂಡಳು.

ಹೊರಡುವ ದಿನ ಬೆಳಿಗ್ಗೆ ಅವರಿಬ್ಬರು ಬಾಡಿಗೆ ಕಾರಿನಲ್ಲಿ ಚಿಕ್ಕೋಡಿಯಿಂದ ಬಂದರು. ಮುಂಬಯಿಗೆ ಹೋಗಿ ಅಲ್ಲಿಂದ ವಿಮಾನ ಹತ್ತಬೇಕು. ಹಡಗು ಹೊರಡುವುದು ಅದಕ್ಕೂ ಎರಡು ದಿನದ ನಂತರ. ಹಿಂದಿನ ದಿನ ವಿಹಾರದವರೆಲ್ಲ ಸೇರಿ ಹೂವಿನ ಹಾರ ಹಾಕಿ ಬೀಳ್ಕೊಟ್ಟಿದ್ದರಂತೆ. ಸುಂದರಾಳ ಮುಡಿಯಲ್ಲಿ ಆ ಹೂವಿನದೇ ಬಾಡಿದ ತುಣುಕಿತ್ತು. ಅಫ್ರೀನ ವಿಮಾನದ ಟಿಕೆಟ್ಟು, ವೀಸಾ, ಹೋಟೆಲಿನ ಕಾಗದ ಎಲ್ಲ ಕೊಟ್ಟಳು. ಹಡಗು ಹತ್ತುವ ಪಾಸ್ ಮಾತ್ರ ಇರಲಿಲ್ಲ.

"ಅದನ್ನ ಸಂಗ್ರಾಮ ದಾದಾ ಕಳಸ್ತಾರಂತ್ರಿ ಕಾಕು, ವಾಟ್ಸಾಪಿನ್ಯಾಗ."

"ಇವತ್ತ ಕಳಸಾಕ ಹೇಳು. ಕೈಯಾಗ ಕಾಗದ ಇಲ್ಲದ ನನಗ ನಿದ್ದಿ ಬರೂದಿಲ್ಲ."

ಕಾರು ಹೊರಟುಹೋಯಿತು. ಸಂಗ್ರಾಮ ಆ ದಿನ ಒಂದು ತಂಡದ ಪ್ರವಾಸ ಗೊತ್ತು ಮಾಡಲು ಅಥಣಿಗೆ ಹೋಗಿದ್ದ. ಅವನು ಮರೆತಾನೆಂದು ಅಫ್ರೀನ ತಾನೇ ಪಾಸ್ ತೆಗೆಯಲು ಕೂತಳು. ಬುಕಿಂಗ್ ನಂಬರು ಹಾಕಿದಳು. ಪರದೆಯ ಮೇಲೆ ಸಿಂಗಾಪುರದ ಗುರುತಿನ ಸಂಖ್ಯೆ ತುಂಬಿರಿ ಎಂದು ಬಂತು. ಬೇರೆಯವರ ಬುಕಿಂಗ್ ತೆರೆದಿರಬೇಕೆಂದು ಇನ್ನೊಮ್ಮೆ ಹಾಕಿದಳು. ಅದೇ ಬಂತು. ಹೆಸರು ಜ್ಞಾನದೇವನದೇ, ಸುಂದರಾಳದೇ. ವಾಸಿಸುವ ದೇಶದ ಮುಂದೆ ಸಿಂಗಾಪುರ ಎಂದಿತ್ತು. ಮನೆಯ ವಿಳಾಸವೆಂದು ಕೊಟ್ಟದ್ದು ಅವರು ಒಂದು ರಾತ್ರಿ ಇಳಿದುಕೊಳ್ಳಲಿದ್ದ ಹೋಟೆಲಿನ ವಿಳಾಸ.

ಅವಳು ಕೆಳಗಿದ್ದ ಷರತ್ತು ಓದಿದಳು. ಈ ದರ ಸಿಂಗಾಪುರದಲ್ಲಿ ವಾಸಿಸುವವರಿಗೆ ಮಾತ್ರ. ಹಡಗು ಹತ್ತುವಾಗ ಪುರಾವೆ ತೋರಿಸಬೇಕು. ತೋರಿಸದವರನ್ನು ಕಂಪನಿ ಹತ್ತಿಸಿಕೊಳ್ಳದೆ ಇರಬಹುದು, ಹಣ ಹಿಂದಿರುಗಿಸುವುದಿಲ್ಲ. ಭಾರತದವರಿಗೆ ಬೇರೆ ದರ, ಬೇರೆ ಷರತ್ತು. ಹಡಗಿನ ಕೆಲಸಗಾರರಿಗೆ ಕೊಡುವ ಟಿಪ್ಸ್ ಕೂಡ ಅದರಲ್ಲೇ ಸೇರಿತ್ತು. ಹಡಗು ಒಂದೇ, ಖೋಲಿ ಒಂದೇ, ದಿನವೂ ಒಂದೇ.

ಅವಳು ಸಂಗ್ರಾಮನಿಗೆ ಫೋನ್ ಮಾಡಿದಳು.

"ದಾದಾ, ಜ್ಞಾನದೇವ ಸರ್ ಬುಕಿಂಗ್ ಸಿಂಗಾಪುರದವ್ರ ದರದಾಗ ಆಗೇತಿ."

"ಹೌದು, ನಾನ ಮಾಡೇನಿ. ಏನಾತೀಗ?"

"ಅವ್ರು ಅಲ್ಲಿಯವ್ರಲ್ಲ."

"ಅದು ನಿನಗ ಗೊತ್ತೈತಿ, ನನಗ ಗೊತ್ತೈತಿ. ಆ ಹಡಗು ಸಾವಿರಗಟ್ಲೆ ಮಂದಿ ಹತ್ತತಾರ. ಒಬ್ಬೊಬ್ಬರನ್ನ ಹಿಡದು ಯಾರ ಕೇಳ್ತಾರ?"

"ಪಾಸ್‌ಪೋರ್ಟ್ ಭಾರತದ್ದು ಐತಿ."

"ಭಾರತದ ಪಾಸ್‌ಪೋರ್ಟ್ ಇಟಗೊಂಡು ಅಲ್ಲೇ ಸಂಸಾರ ಮಾಡೂ ಮಂದಿ ಎಷ್ಟಿಲ್ಲ?"

"ಇವ್ರ ವೀಸಾ ಟೂರಿಸ್ಟ್ ವೀಸಾ ಐತ್ರಿ ದಾದಾ. ಪಾಸ್ ತಗ್ಯಾಕ ಹೋದ್ರ ಅಲ್ಲಿ ಗುರುತಿನ ನಂಬರ್ ಕೇಳಾಕತ್ತೇತಿ."

ಸಂಗ್ರಾಮ ದನಿ ತಗ್ಗಿಸಿದ. "ನಾ ನೋಡ್ತೀನಿ. ಅಲ್ಲಿ ಒಬ್ಬಂವ ಗುರುತಿನವ ಅದಾನ. ನೀ ಅವ್ರಿಗೆ ಫೋನ್ ಮಾಡಬ್ಯಾಡ. ಮಾಡಿದ್ರ ನಾಳೆಯಿಂದ ಆಫೀಸಿಗೆ ಬರೂದೂ ಬ್ಯಾಡ."

ಫೋನಿಟ್ಟ ಮೇಲೂ ಅಫ್ರೀನಳ ಕೈ ಅದರ ಮೇಲೆಯೇ ಇತ್ತು. ಹೊರಗೆ ಕೊಲ್ಹಾಪುರದ ಬಸ್ಸಿನವನು ಜನರನ್ನು ಕೂಗುತ್ತಿದ್ದ. ಮನೆಯ ಬಾಡಿಗೆ, ತಾಯಿಯ ಔಷಧ, ಅಫ್ಜಲನ ಖಾಲಿ ದಿನಗಳು ಅವಳ ಕಣ್ಣ ಮುಂದೆ ಬಂದವು. ಅದರ ಹಿಂದೆಯೇ ಗುರುತಿಲ್ಲದ ಊರಿನ ಬಂದರಿನಲ್ಲಿ, ಇಂಗ್ಲಿಷಿನಲ್ಲಿ ಕೇಳುವವನ ಮುಂದೆ ನಿಂತ ಸುಂದರಾಳ ಮುಖ ಬಂತು. ಮುಂಬಯಿಗೆ ಮುಟ್ಟಿ ವಿಮಾನ ಹತ್ತಿದರೆ ಆಮೇಲೆ ಯಾರೂ ಏನೂ ಮಾಡಲಾಗದು.

ಅವಳು ಸುಂದರಾಳ ನಂಬರು ಒತ್ತಿದಳು.

"ಕಾಕು, ಎಲ್ಲಿದ್ದೀರ್ರಿ?"

"ಸೌಂದಲಗಾ ದಾಟೇವಿ. ಯಾಕ?"

"ಕೊಗನೊಳ್ಳಿ ನಾಕಾದ ಹತ್ರ ಗಾಡಿ ನಿಲ್ಲಸ್ರಿ. ನಾ ಬರಾಕತ್ತೇನಿ."

"ಏನರ ಬಿಟ್ಟು ಬಂದೇವೇನು?"

"ಫೋನಿನ್ಯಾಗ ಹೇಳೂ ಮಾತಲ್ಲರಿ. ನಾ ಬರೂತನಕ ನಾಕಾ ದಾಟಬ್ಯಾಡ್ರಿ."

ಅಫ್ಜಲ ಆ ದಿನ ಮನೆಯಲ್ಲೇ ಇದ್ದ. ಬೈಕ್ ತಂದ. ದಾರಿಯಲ್ಲಿ ಅವಳು ಅವನ ಬೆನ್ನ ಹಿಂದಿನಿಂದ ಎಲ್ಲ ಹೇಳಿದಳು. ಗಾಳಿಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ, ಅವನು ಬೈಕ್ ಓಡಿಸುತ್ತಲೇ ಇದ್ದ. ಕಬ್ಬಿನ ಟ್ರ್ಯಾಕ್ಟರುಗಳು ಹೆದ್ದಾರಿಯ ಅರ್ಧ ಹಿಡಿದಿದ್ದವು. ಅವುಗಳ ಹಿಂದೆ ಸಿಕ್ಕಿಕೊಂಡಾಗಲೆಲ್ಲ ಅವಳಿಗೆ ಕಾರು ಮುಂದೆ ಹೋಗಿಬಿಟ್ಟಿತೆಂದೇ ಅನಿಸುತ್ತಿತ್ತು.

ಕಾರು ರಾಜ್ಯದ ಗಡಿಯ ನಾಕಾದ ಈಚೆಗಿನ ಚಹಾದಂಗಡಿಯ ಮುಂದೆ ನಿಂತಿತ್ತು. ಡ್ರೈವರ್ ಕಾಮಣ್ಣ ಬಾನೆಟ್ಟಿಗೆ ಒರಗಿ ನಿಂತಿದ್ದ. ಜ್ಞಾನದೇವ ಚಹಾ ಮುಟ್ಟಿರಲಿಲ್ಲ.

"ಏನದು ಅಂಥಾದ್ದು? ಮುಂದ ಪುಣೆದಾಗ ಗಾಡಿ ಗರದಿ ಇರ್ತೈತಿ," ಎಂದ.

ಅಫ್ರೀನ ನಿಂತುಕೊಂಡೇ ಹೇಳಿದಳು. ದೇಶಕ್ಕೊಂದು ದರ ಇರುವುದು, ಇವರ ಬುಕಿಂಗ್ ಸಿಂಗಾಪುರದವರ ದರದಲ್ಲಿ ಆಗಿರುವುದು, ಹಡಗಿನ ಬಾಗಿಲಲ್ಲಿ ಪುರಾವೆ ಕೇಳುವುದು, ಇಲ್ಲದಿದ್ದರೆ ಹತ್ತಿಸದೆ ಇರಬಹುದು ಎನ್ನುವುದು. ಸುಂದರಾ ಗಂಡನ ಕಡೆ ತಿರುಗಿದಳು, ಅವನು ಈಗ ಸಿಟ್ಟಾಗುತ್ತಾನೆ, ಸಂಗ್ರಾಮನಿಗೆ ಬಯ್ಯುತ್ತಾನೆ ಎಂದುಕೊಂಡು. ಜ್ಞಾನದೇವ ಚಹಾದ ಗ್ಲಾಸನ್ನೇ ನೋಡುತ್ತಿದ್ದ.

"ನನಗ ಗೊತ್ತೈತಿ," ಎಂದ.

"ಏನ ಗೊತ್ತೈತ್ರಿ?" ಸುಂದರಾ ಕೇಳಿದಳು.

"ಸಂಗ್ರಾಮ ಹೇಳಿದ್ದ. ದೇಶ ಬದಲ ಮಾಡಿದ್ರ ದರ ಕಡಿಮಿ ಆಗತೈತಿ, ಕಾಯ್ದೇಶೀರ ಐತಿ, ಕಾನೂನಿನ ಅಡ್ಡಿ ಇಲ್ಲ, ಎಲ್ಲಾರೂ ಮಾಡ್ತಾರಂತ ಹೇಳಿದ್ದ. ನಾ ಹೂಂ ಅಂದೆ." ಅವನು ತಲೆ ಎತ್ತಿ ಅಫ್ರೀನಳನ್ನು ನೋಡಿದ. "ಅದ ಹಡಗ, ಅದ ಖೋಲಿ, ಅದ ಊಟ. ಅವ್ರಿಗೊಂದು ದರ, ನಮಗೊಂದು ದರ. ಇದ್ಯಾವ ನ್ಯಾಯ? ನಾವೇನ ಅವ್ರಕಿಂತ ಹೆಚ್ಚ ತಿಂತೇವೇನು?"

"ನ್ಯಾಯ ಹೌದೋ ಅಲ್ಲೋ ನನಗ ತಿಳಿಯೂದಿಲ್ರಿ ಸರ್. ಆದ್ರ ಅಲ್ಲಿ ಬಾಗಲದಾಗ ನಿಮ್ಮನ್ನ ಬಾಜೂಕ ನಿಲ್ಲಿಸಿದ್ರ, ಅಲ್ಲಿ ದಾದಾ ಇರೂದಿಲ್ಲ, ನಾನೂ ಇರೂದಿಲ್ಲ."

ಅಷ್ಟರಲ್ಲಿ ಜ್ಞಾನದೇವನ ಫೋನ್ ಬಡಿಯಿತು. ಸಂಗ್ರಾಮ. ಜ್ಞಾನದೇವ ಎದ್ದು ಎರಡು ಹೆಜ್ಜೆ ಆಚೆ ಹೋಗಿ ಮಾತಾಡಿ ಬಂದ. ಮುಖದಲ್ಲಿ ಸ್ವಲ್ಪ ಗೆಲುವು ಬಂದಿತ್ತು.

"ಅವಂಗ ಗುರುತಿನವ್ರು ಅದಾರಂತ. ಬಾಡಿಗಿ ಕರಾರು ಮಾಡಿ ಕಳಸ್ತಾನಂತ. ಅದನ್ನ ತೋರ್ಸಿದ್ರ ಮುಗೀತಂತ."

"ಆ ಕರಾರಿನ್ಯಾಗ ಏನ ಬರದಿರ್ತಾರ?" ಸುಂದರಾ ಕೇಳಿದಳು.

"ನಾವು ಅಲ್ಲಿ ಬಾಡಿಗಿ ಮನ್ಯಾಗ ಇರ್ತೇವಿ ಅಂತ."

"ಯಾವ ಓಣ್ಯಾಗ ಇರ್ತೀರಿ ಅಂತ ಕೇಳಿದ್ರ ನಾ ಏನ ಹೇಳ್ಲಿ?"

ಸುಂದರಾ ಸೆರಗು ಕೊಡವಿ ಎದ್ದಳು. ದನಿ ಏರಿಸಲಿಲ್ಲ. "ಕಾಮಣ್ಣಾ, ಗಾಡಿ ತಿರುಗಸು. ಚಿಕ್ಕೋಡಿಗೆ ಹೋಗೂಣು."

ಕಾಮಣ್ಣ ಜ್ಞಾನದೇವನ ಮುಖ ನೋಡಿದ. ನಿನ್ನೆ ಹಾರ ಹಾಕಿದ ಮಂದಿ ನಾಳೆ ಬಾಗಿಲಿಗೆ ಬಂದು ಯಾಕೆ ತಿರುಗಿ ಬಂದಿರಿ ಎಂದು ಕೇಳುತ್ತಾರೆ. ಅದನ್ನು ಜ್ಞಾನದೇವ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅವನ ಕೈ ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದಿತ್ತು.

"ಕಾಕು, ಒಂದ ಫೋನ್ ಮಾಡ್ತೇನಿ," ಅಂದಳು ಅಫ್ರೀನ. "ಕಂಪನಿಯ ಮುಂಬಯಿ ಆಫೀಸಿಗೆ. ಅವ್ರು ಆಗೂದಿಲ್ಲ ಅಂದ್ರ ತಿರುಗಸ್ರಿ."

ಅಂಗಡಿಯ ಹಿಂದೆ, ಲಾರಿಗಳ ಸದ್ದು ಕಡಿಮೆ ಇರುವಲ್ಲಿ ಹೋಗಿ ನಿಂತಳು. ಬಹಳ ಹೊತ್ತು ಬರೀ ಸಂಗೀತ ಕೇಳಿತು. ಕೊನೆಗೆ ಒಬ್ಬ ಹೆಂಗಸು ಹಿಂದಿಯಲ್ಲಿ ಬುಕಿಂಗ್ ನಂಬರು ಕೇಳಿದಳು, ಪ್ರಯಾಣಿಕರು ಎಲ್ಲಿ ವಾಸಿಸುತ್ತಾರೆ ಎಂದು ಕೇಳಿದಳು.

"ಭಾರತದಲ್ಲಿ. ಬೆಳಗಾವಿ ಜಿಲ್ಲೆ, ಚಿಕ್ಕೋಡಿ," ಎಂದಳು ಅಫ್ರೀನ ಹಿಂದಿಯಲ್ಲೇ.

"ಇಲ್ಲಿ ಸಿಂಗಾಪುರ ಎಂದಿದೆಯಲ್ಲ?"

ಕೈತಪ್ಪಿನಿಂದ ಆಯಿತು ಎಂದು ಹೇಳಲು ಅಫ್ರೀನ ಬಾಯಿ ತೆರೆದಳು. ಹಾಗೆ ಹೇಳಿದರೆ ಸಂಗ್ರಾಮ ಉಳಿಯುತ್ತಾನೆ, ಬಹುಶಃ ತಾನೂ ಉಳಿಯುತ್ತೇನೆ ಅನಿಸಿತು. ಆದರೆ ಅಲ್ಲಿ ತುಂಬಿದ್ದ ಹೋಟೆಲಿನ ವಿಳಾಸವನ್ನು ಆ ಹೆಂಗಸೂ ನೋಡುತ್ತಿರಬೇಕು.

"ದರ ಕಡಿಮೆ ಸಿಗಲಿ ಎಂದು ನಮ್ಮ ಆಫೀಸಿನಿಂದಲೇ ಹಾಗೆ ತುಂಬಿದ್ದು. ಪ್ರಯಾಣಕ್ಕೆ ಹೊರಟ ಅಮ್ಮನಿಗೆ ಇದು ಇವತ್ತಿನವರೆಗೆ ಗೊತ್ತಿರಲಿಲ್ಲ. ಅವರು ಇನ್ನೂ ಕರ್ನಾಟಕ ದಾಟಿಲ್ಲ."

ಮತ್ತೆ ಸಂಗೀತ. ಅಫ್ರೀನ ಕಬ್ಬಿನ ಗದ್ದೆಯ ಬದುವಿನ ಮೇಲೆ ಕೂತಳು, ಮತ್ತೆ ಎದ್ದಳು. ಫೋನಿನ ಚಾರ್ಜು ಇಳಿಯುತ್ತಿತ್ತು. ಹಿರಿಯ ಅಧಿಕಾರಿಯೊಬ್ಬ ಬಂದು ಎಲ್ಲವನ್ನೂ ಮತ್ತೆ ಮೊದಲಿನಿಂದ ಕೇಳಿದ. ಸಿಂಗಾಪುರದವರ ಷರತ್ತಿನಂತೆ ಈ ಬುಕಿಂಗ್ ರದ್ದು ಮಾಡಿದರೆ ಒಂದು ಪೈಸೆಯೂ ಬರುವುದಿಲ್ಲ ಎಂದ. ಹಡಗು ಹತ್ತುವ ಮೊದಲೇ ತಾವಾಗಿ ಹೇಳಿರುವುದರಿಂದ, ಕಟ್ಟಿದ ಹಣವನ್ನು ಭಾರತದವರ ಬುಕಿಂಗಿಗೆ ವರ್ಗಾಯಿಸಿ ಕೊಡಬಹುದು ಎಂದ. ಆದರೆ ಇವತ್ತಿನ ದರಕ್ಕೆ. ಭಾರತದವರಿಗೆ ಇಟ್ಟ ಪಾಲಿನಲ್ಲಿ ಕಿಟಕಿ ಇರುವ ಖೋಲಿ ಮುಗಿದಿದೆ. ಒಳಗಿನ ಖೋಲಿ ಒಂದಿದೆ, ಅದೂ ಒಂದು ತಾಸಿನೊಳಗೆ ವ್ಯತ್ಯಾಸದ ಹಣ ಬಂದರೆ ಮಾತ್ರ.

ಅಫ್ರೀನ ಬಂದು ಇದ್ದದ್ದನ್ನು ಇದ್ದಂತೆ ಹೇಳಿದಳು. ಕಿಟಕಿ ಇಲ್ಲದ ಖೋಲಿಗೆ, ಕಿಟಕಿ ಇರುವ ಖೋಲಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಕೊಡಬೇಕಾಗಿತ್ತು.

"ಸಂಗ್ರಾಮಂಗ ಹಚ್ಚು," ಎಂದ ಜ್ಞಾನದೇವ. ದನಿ ಬೇರೆಯಾಗಿತ್ತು.

ಅಫ್ರೀನ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. "ದಾದಾ, ನಾ ಕಂಪನಿಗೆ ಖರೇ ಹೇಳೇನಿ. ಸರ್, ಕಾಕು ಇಲ್ಲೇ ಅದಾರ."

ಅತ್ತ ಅಥಣಿಯ ಯಾವುದೋ ಅಂಗಡಿಯ ಗದ್ದಲ ಕೇಳುತ್ತಿತ್ತು.

"ಸಂಗ್ರಾಮ, ನೀ ನನಗ ಕಾಯ್ದೇಶೀರ ಐತಿ ಅಂದಿದ್ದಿ," ಎಂದ ಜ್ಞಾನದೇವ.

"ಸರ್, ನೀವೂ ಹೂಂ ಅಂದಿದ್ರಿ."

"ಅಂದಿದ್ದೆ. ಅದಕ್ಕ ಅರ್ಧ ನಾ ಕೊಡ್ತೇನಿ. ಉಳದ ಅರ್ಧ ನೀ ಕೊಡು. ಇಲ್ಲಂದ್ರ ನಾ ಹಡಗಿಗೆ ಹೋಗೂದಿಲ್ಲ, ಬೆಳಗಾವಿಗೆ ಹೋಗ್ತೇನಿ, ಗ್ರಾಹಕರ ಕೋರ್ಟಿಗೆ."

ಸಂಗ್ರಾಮ ವಾದಿಸಿದ, ಎಲ್ಲ ಏಜೆಂಟರೂ ಹೀಗೇ ಮಾಡುತ್ತಾರೆ ಎಂದ, ಅಲ್ಲಿ ಯಾರೂ ಕೇಳುತ್ತಿರಲಿಲ್ಲ, ಈ ಹುಡುಗಿ ಸುಮ್ಮನೆ ಇದ್ದದ್ದನ್ನು ಕೆದಕಿದಳು ಎಂದ. ಕೊನೆಗೆ, "ಕಳಸ್ತೇನಿ ಬಿಡ್ರಿ," ಎಂದ. ಆಮೇಲೆ, "ಅಫ್ರೀನಗ ಹೇಳ್ರಿ, ಆಫೀಸಿನ ಕೀಲಿ ಬಾಜೂದ ಪಾನಪಟ್ಟಿಯವನ ಕಡೆ ಕೊಟ್ಟು ಹೋಗಂತ."

ಸಂಗ್ರಾಮನ ಹಣ ಬರುವುದು ತಡವಾಯಿತು. ಜ್ಞಾನದೇವನ ಕಾರ್ಡು ಮೊದಲ ಸಲ ಹಾದುಹೋಗಲಿಲ್ಲ. ಹಣ ಕಟ್ಟುವ ಲಿಂಕು ಇದ್ದ ಅಫ್ರೀನಳ ಫೋನು ಕಾಮಣ್ಣನ ಕಾರಿನಲ್ಲಿ ಚಾರ್ಜಿಗೆ ಇತ್ತು, ಜ್ಞಾನದೇವನಿಗೆ ಬಂದ ಓಟಿಪಿಯನ್ನು ಅದರಲ್ಲಿ ಹಾಕುವಷ್ಟರಲ್ಲಿ ಸಮಯ ಮುಗಿಯಿತು. ಎರಡನೆಯ ಸಲ ಹಾಕಿದಾಗ ಹಣ ಹೋಯಿತು. ಕೊನೆಗೆ ಹೊಸ ಪಾಸ್ ಬಂತು. ಅಫ್ರೀನ ಅದನ್ನು ಸುಂದರಾಳ ಫೋನಿಗೆ ಕಳಿಸಿ, ವಾಸಿಸುವ ದೇಶ ಎಂದಿರುವಲ್ಲಿ ಬೆರಳಿಟ್ಟು ತೋರಿಸಿದಳು.

ಸುಂದರಾ ಕಾರು ಹತ್ತುವ ಮೊದಲು ಅವಳ ಕೈ ಹಿಡಿದಳು. ಜ್ಞಾನದೇವ ಆಗಲೇ ಒಳಗೆ ಕೂತು ಎದುರಿನ ಗಾಜು ನೋಡುತ್ತಿದ್ದ.

ಕಾರು ನಾಕಾ ದಾಟಿ ಹೋದ ಮೇಲೆ ಅಫ್ಜಲ ಬೈಕಿನ ಕಿಕ್ ಹೊಡೆದ. ಅದು ಸ್ಟಾರ್ಟ್ ಆಗಲಿಲ್ಲ. ಮತ್ತೆ ಹೊಡೆದ. "ಮೊದಲ ನನ್ನ ಒಂದ ಮಾತ ಕೇಳಬಹುದಿತ್ತು," ಎಂದ. ಅವಳು ಕೇಳಿದ್ದರೆ ಅವನು ಏನೆನ್ನುತ್ತಿದ್ದನೋ ಇಬ್ಬರಿಗೂ ಗೊತ್ತಿರಲಿಲ್ಲ.

ಮುಂದಿನ ಎರಡು ದಿನ ಅಫ್ರೀನ ಮನೆಯಲ್ಲಿ ತಾಯಿಯ ಪಕ್ಕದಲ್ಲಿ ಕೂತು ಬೀಡಿ ಎಲೆ ಕತ್ತರಿಸಿದಳು. ಕಂಪನಿಯವರು ಮಾತು ಬದಲಿಸಿದರೆ, ಹಳೆಯ ಬುಕಿಂಗು ಅವರ ಪುಸ್ತಕದಲ್ಲಿ ಉಳಿದುಬಿಟ್ಟಿದ್ದರೆ, ಬಾಗಿಲಲ್ಲಿ ಆ ಇಬ್ಬರನ್ನು ನಿಲ್ಲಿಸಿದರೆ, ಆಗ ಅವಳು ನೌಕರಿಯನ್ನೂ ಕಳೆದುಕೊಂಡು ಅವರ ಹಣವನ್ನೂ ಕಳೆದ ಹಾಗೆ. ಫೋನು ಬಡಿದಾಗ ಕತ್ತರಿ ಅವಳ ಬೆರಳಿಗೆ ತಾಗಿತು.

"ಹತ್ತಿದ್ವಿ ಬೇ," ಎಂದಳು ಸುಂದರಾ. ಉಸಿರು ಇನ್ನೂ ನೆಟ್ಟಗಾಗಿರಲಿಲ್ಲ. "ನಮ್ಮ ಮುಂದ ಮಹಾರಾಷ್ಟ್ರದ ಒಂದ ಕುಟುಂಬ ಇತ್ತು. ಅವ್ರನ್ನ ಬಾಜೂಕ ಕರದ್ರು. ಅವ್ರ ಏಜೆಂಟನೂ ಹಿಂಗ ಮಾಡಿದ್ನಂತ. ಆ ಮನೀ ಹೆಣಮಗಳು ಅಳಾಕತ್ತಿದ್ಲು. ನಮ್ಮ ಪಾಳಿ ಬಂದಾಗ ಆ ಹುಡುಗಿ ಎಲ್ಲಿರ್ತೀರಿ ಅಂದ್ಲು. ಇವ್ರು ಬಾಯಿನ ತಗೀಲಿಲ್ಲ. ನಾನ ಹೇಳಿದೆ, ಚಿಕ್ಕೋಡಿ ಅಂತ. ಆಕಿಗೆ ತಿಳೀಲಿಲ್ಲ. ಇಂಡಿಯಾ ಅಂದೆ. ಹೋಗ್ರಿ ಅಂದ್ಲು."

"ಆ ಕುಟುಂಬದವ್ರು?"

"ಗೊತ್ತಿಲ್ಲ ತಂಗಿ. ನಾವು ಮ್ಯಾಲ ಬರೂತನಕ ಅವ್ರು ಅಲ್ಲೇ ನಿಂತಿದ್ರು."

ಅಫ್ರೀನ ಮೂರು ತಿಂಗಳು ಕೆಲಸವಿಲ್ಲದೆ ಕಳೆದಳು. ಆ ತಿಂಗಳುಗಳು ಕಷ್ಟದವೇ. ಕಿವಿಯ ಬೆಂಡೋಲೆ ಹೋಯಿತು, ಅಫ್ಜಲನ ಜೊತೆ ಮಾತಿಗೆ ಮಾತು ಬೆಳೆದದ್ದೂ ಇದೆ. ಆಮೇಲೆ ಚಿಕ್ಕೋಡಿಯ ಕೋರ್ಟಿನ ಹತ್ತಿರದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಒಂದು ಮೇಜು ಸಿಕ್ಕಿತು. ಪಾಸ್‌ಪೋರ್ಟು, ಟಿಕೆಟ್ಟು, ವೀಸಾ ಮಾಡಿಕೊಡುತ್ತಾಳೆ. ವಿಹಾರದ ಹೆಂಗಸರು ಸುಂದರಾಳ ಮಾತು ಕೇಳಿ ಬರುತ್ತಾರೆ. ಸಂಗ್ರಾಮನ ಅಂಗಡಿ ನಡೆದೇ ಇದೆ, ಹಡಗಿನ ಬೋರ್ಡೂ ಇದೆ. ಈಗ ಅವನು ಬುಕಿಂಗ್ ಮಾಡುವ ಮೊದಲು ಗಿರಾಕಿಯಿಂದ ಸಹಿ ಹಾಕಿಸಿಕೊಳ್ಳುತ್ತಾನೆ ಎಂದು ಜನ ಹೇಳುತ್ತಾರೆ. ಯಾವುದಕ್ಕೆ ಸಹಿ ಎನ್ನುವುದು ಗೊತ್ತಿಲ್ಲ.

ಜ್ಞಾನದೇವ ದಿನಾ ಸಂಜೆ ಆ ಝೆರಾಕ್ಸ್ ಅಂಗಡಿಯ ಮುಂದೆಯೇ ತಿರುಗಾಡಲು ಹೋಗುತ್ತಾನೆ. ಅಫ್ರೀನ ಹೊರಗೆ ನಿಂತಿದ್ದರೆ ಆ ಕಡೆಯ ಫುಟ್‌ಪಾತಿಗೆ ದಾಟುತ್ತಾನೆ. ಒಮ್ಮೆ ಅವಳು ಸುಂದರಾಳನ್ನು ಕೇಳಿಯೇಬಿಟ್ಟಳು, ಸರ್‌ಗೆ ತನ್ನ ಮೇಲೆ ಇನ್ನೂ ಸಿಟ್ಟೇನು ಎಂದು.

"ನಿನ್ನ ಮ್ಯಾಲ ಅಲ್ಲ," ಎಂದಳು ಸುಂದರಾ. "ಅವತ್ತ ನಾ ನಿನ್ನ ಕಣ್ಣಮುಂದ ಅವ್ರನ್ನ ಕೇಳದ ಗಾಡಿ ತಿರುಗಸು ಅಂದೆನಲ್ಲ. ಹಡಗಿನ್ಯಾಗೂ ಅದನ್ನ ಮನಸಿನ್ಯಾಗ ಇಟಗೊಂಡಿದ್ರು. ನನ್ನ ಜೋಡಿ ಬಾಯಿಬಿಟ್ಟು ಮಾತಾಡಾಕ ಶುರು ಮಾಡಿದ್ದ ಮೊನ್ನೆ ಮೊನ್ನೆ. ನಿನ್ನ ಕಡೆ ಬರಾಕ ಇನ್ನ ಹೊತ್ತ ಹಿಡೀತೈತಿ."